ಹದಿನಾರು ಆಂಪಿನ ಮಾವ

ಸಿಂಧನೂರಿನಿಂದ ಮಸ್ಕಿಯವರೆಗೆ ನಮ್ಮ ಸೋದರಮಾವನಿಗೆ ಗೊತ್ತಿಲ್ಲದ ಮನೆಯಿಲ್ಲ ಎಂದರೆ ನೀವು ಆತನನ್ನು ರಾಜಕಾರಣಿ ಎಂದುಕೊಳ್ಳುತ್ತೀರಿ. ಇಲ್ಲವೇ ಮದುವೆ ಕುದುರಿಸುವವನು ಎಂದುಕೊಳ್ಳುತ್ತೀರಿ. ಎರಡೂ ತಪ್ಪು! ಮಾವನಿಗೆ ಆ ಮನೆಯವರ ಹೆಸರು ನೆನಪಿರುವುದಿಲ್ಲ. ಮಕ್ಕಳೆಷ್ಟು ಎಂದು ಗೊತ್ತಿರುವುದಿಲ್ಲ. ಹೋದ ವರ್ಷ ಅಲ್ಲಿ ಉಂಡು ಬಂದದ್ದು ಮದುವೆ ಊಟವೋ ತಿಥಿ ಊಟವೋ ಎಂಬುದೂ ಖಾತ್ರಿಯಿರುವುದಿಲ್ಲ. ಗೊತ್ತಿರುವುದು ಒಂದೇ: ಆ ಮನೆಯಲ್ಲಿ ಹದಿನಾರು ಆಂಪಿನ ಪ್ಲಗ್ ಪಾಯಿಂಟ್ ಎಲ್ಲಿದೆ ಎಂಬುದು!

ನಿಮ್ಮ ಮನೆಯ ಗೋಡೆಯಲ್ಲಿರುವ, ದಪ್ಪ ತೂತುಗಳ ಆ ದೊಡ್ಡ ಪ್ಲಗ್ಗನ್ನು ನೀವು ಎಂದಾದರೂ ಪ್ರೀತಿಯಿಂದ ನೋಡಿದ್ದೀರಾ? ಗೀಜರಿನ ವೈರು ಸಿಕ್ಕಿಸಿ ಮರೆತಿರುತ್ತೀರಿ. ನಮ್ಮ ಮಾವ ನೋಡುತ್ತಾನೆ. ಗೃಹಪ್ರವೇಶಕ್ಕೆ ಕರೆದರೆ ಉಳಿದವರೆಲ್ಲ ದೇವರಮನೆ ಹೊಗಳುತ್ತ ನಿಂತಿರುವಾಗ ಈತ ವಾಷಿಂಗ್ ಮಷೀನಿನ ಹಿಂದೆ ಕುಕ್ಕುರುಗಾಲಲ್ಲಿ ಕುಳಿತು, "ಅರ್ತಿಂಗ್ ಬರೋಬ್ಬರಿ ಮಾಡ್ಸೀರೇನ್ರಿ?" ಎಂದು ಕೇಳುತ್ತಿರುತ್ತಾನೆ.

ಇದಕ್ಕೆಲ್ಲ ಕಾರಣ ಒಂದು ವ್ಯಾನು.

ಸಿಂಧನೂರಿನಲ್ಲಿ ಮಾವನದು ಮೋಟರ್ ವೈಂಡಿಂಗ್ ಅಂಗಡಿ. ಕಾಲುವೆ ನೀರಿನ ಭತ್ತದ ಸೀಮೆಯಲ್ಲಿ ಪಂಪ್‌ಸೆಟ್ ಸುಡುವುದೆಂದರೆ ಮನುಷ್ಯರಿಗೆ ನೆಗಡಿ ಬಂದಷ್ಟು ಸಾಮಾನ್ಯ. ಸುಟ್ಟ ಮೋಟರುಗಳ ಹೊಟ್ಟೆಯಿಂದ ಕಪ್ಪಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಸುತ್ತಿಯೇ ಮಾವ ಅರವತ್ತು ದಾಟಿದ. ಎಣ್ಣೆ ಕುಡಿದು ಓಡುವ ಯಂತ್ರಗಳೆಂದರೆ ಆತನಿಗೆ ಆಗುವುದಿಲ್ಲ.

"ಹೊಗಿ ಬಿಡ್ತೈತಿ, ಒದರ್ತೈತಿ, ಗಡಗಡ ನಡಗ್ತೈತಿ. ಅದೇನು ಮಷೀನೋ, ಜ್ವರ ಬಂದ ಮನಷ್ಯಾನೋ?" ಎನ್ನುತ್ತಾನೆ.

ಇಪ್ಪತ್ತು ವರ್ಷಗಳ ಹಿಂದೆ ಯಾರದೋ ಒತ್ತಾಯಕ್ಕೆ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದ. ಮೂರನೆಯ ದಿನವೇ ಬಿಟ್ಟು ಬಂದ. "ಎಡಗಾಲಿಗೆ ಒಂದು ಕೆಲಸ, ಬಲಗಾಲಿಗೆ ಇನ್ನೊಂದು ಕೆಲಸ, ಕೈಗೆ ಮತ್ತೊಂದು. ಅದು ಗಾಡಿ ಅಲ್ಲ ಬೇ, ಮಗ್ಗ!" ಎಂದು ನನ್ನ ಮುಂದೆ ಹಲುಬಿದ್ದ. ಕಲಿಸಲು ಹೋದವನ ಅಭಿಪ್ರಾಯ ಬೇರೆಯೇ ಇತ್ತು: "ನಿಮ್ಮ ಮಾವಾರು ಕ್ಲಚ್ ಒತ್ತಂಗಿಲ್ರಿ, ಅದರ ಮ್ಯಾಲ ನಿಂದರ್ತಾರ!"

ಹಾಗಾಗಿ ಮಾವ ಬಸ್ಸಿನ ಮನುಷ್ಯನಾಗಿಯೇ ಉಳಿದ. ಹೋದ ವರ್ಷದವರೆಗೆ.

ಹೋದ ವರ್ಷ ಒಂದು ಬೆಳಿಗ್ಗೆ, ಶಾಲೆಯಲ್ಲಿ ಮಕ್ಕಳ ಪ್ರಾರ್ಥನೆ ನಡೆದಿರುವಾಗ ನನ್ನ ಫೋನು ಹೊಡೆದುಕೊಂಡಿತು. ನಾನು ಮಸ್ಕಿಯಲ್ಲಿ ಗಣಿತದ ಟೀಚರು. ಮಾವನ ಪಾಲಿಗೆ ನನ್ನ ಹೆಸರೇ 'ಟೀಚರ್ರು'.

"ಟೀಚರ್ರಾ! ಕ್ಲಚ್ ಇಲ್ಲ ಬೇ! ಗೇರ್ ಇಲ್ಲ! ಎಣ್ಣಿ ಇಲ್ಲ! ಹೊಟ್ಯಾಗ ಬರೇ ಮೋಟರ್ ಐತಿ, ನಮ್ಮ ಮೋಟರ್!"

"ಏನು ಮಾವ? ಯಾರ ಹೊಟ್ಯಾಗ?"

"ವ್ಯಾನಿನ ಹೊಟ್ಯಾಗ! ಕರೆಂಟಿನ ವ್ಯಾನು! ಫೋಟೋ ಕಳಸಾಕತ್ತೀನಿ ನೋಡು. ನೋಡಿ ಹೇಳು. ಚಲೋ ಐತಿ ಅಂತನಾ ಹೇಳು!"

ಒಂದಲ್ಲ, ಇಪ್ಪತ್ತಮೂರು ಫೋಟೋ ಬಂದವು. ಎದುರಿನಿಂದ, ಹಿಂದಿನಿಂದ, ಬಾಗಿಲು ತೆರೆದು, ಬಾಗಿಲು ಮುಚ್ಚಿ. ಹೆಣ್ಣು ನೋಡಲು ಹೋದವರೂ ಇಷ್ಟೊಂದು ಫೋಟೋ ಕೇಳುವುದಿಲ್ಲ! ಒಪ್ಪಲೇಬೇಕು, ವ್ಯಾನು ಮುದ್ದಾಗಿತ್ತು. ಮೂಗಿಲ್ಲದ ಚಪ್ಪಟೆ ಮುಖ, ದುಂಡನೆಯ ಎರಡು ದೀಪ, ಮೇಲರ್ಧ ಕೆನೆಬಣ್ಣ, ಕೆಳಗರ್ಧ ಗಿಣಿಹಸಿರು, ಹೊಳೆಯುವ ಉಕ್ಕಿನ ಪಟ್ಟಿ, ಪಕ್ಕಕ್ಕೆ ಸರಿಯುವ ಬಾಗಿಲು, ಮೂರು ಸಾಲು ಸೀಟು. ತಾತನ ಕಾಲದ ಮುಖ, ಮೊಮ್ಮಕ್ಕಳ ಕಾಲದ ಹೊಟ್ಟೆ!

ಹೈದರಾಬಾದಿನಿಂದ ಅದು ಲಾರಿಯ ಮೇಲೆ ಕುಳಿತು ಬಂದ ದಿನ ಮಾವನ ಓಣಿಯಲ್ಲಿ ಜನವೋ ಜನ. ಕ್ಯಾನು ಹಿಡಿದ ಒಬ್ಬ, "ಎಷ್ಟು ಲೀಟರ್ ಹಾಲು ಹಿಡಿತೈತ್ರಿ?" ಎಂದು ಗಂಭೀರವಾಗಿ ಕೇಳಿದ. ಇನ್ನೊಬ್ಬ ಸುತ್ತಲೂ ತಿರುಗಿ ನೋಡಿ, "ಯಾವ ಪಾರ್ಟಿದ್ರಿ? ಮೈಕ್ ಎಲ್ಲಿ ಕಟ್ತೀರಿ?" ಎಂದ. ಮಾವ ಯಾರಿಗೂ ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ. ಆತನ ಕಣ್ಣು ತುಂಬಿದ್ದವು.

ಆರತಿ ತಟ್ಟೆ ಹಿಡಿದು ಹೊರಗೆ ಬಂದ ಅತ್ತಿ, ಎಂದರೆ ಮಾವನ ಹೆಂಡತಿ, ವ್ಯಾನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಇಷ್ಟು ದಿನ ಕಾದು ಹಳೇ ಗಾಡಿ ತಂದೀರಿ?"

"ಹಳೇದಲ್ಲಲೇ, ಹೊಸಾದು! ಹಳೇದರಂಗ ಕಾಣ್ಲಿ ಅಂತ ಬೇಕಂತನಾ ಹಂಗ ಮಾಡ್ಯಾರ. ಈಗ ಅದಾ ಫ್ಯಾಶನ್!"

"ಹಳೇದರಂಗ ಕಾಣೋ ಫ್ಯಾಶನ್ ಮನ್ಯಾಗ ಒಂದು ಇತ್ತಲ್ಲ. ಮತ್ತೊಂದು ಯಾಕ ಬೇಕಾಗಿತ್ತು?"

ಓಣಿ ಬಿದ್ದು ಬಿದ್ದು ನಕ್ಕಿತು. ಮಾವ ಮಾತ್ರ ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ವ್ಯಾನಿನ ಚಪ್ಪಟೆ ಹಣೆಗೆ ಎಳೆದ. ದುಂಡು ಕಣ್ಣು, ಅಗಲ ಹಣೆ, ಹಣೆತುಂಬ ವಿಭೂತಿ. ದುಂಡು ಕನ್ನಡಕದ ಮಾವನೇ ಹಸಿರು ಅಂಗಿ ತೊಟ್ಟು ಬೀದಿಯಲ್ಲಿ ಕುಳಿತಂತಿತ್ತು!

ಗೊರೇಬಾಳದ ಹತ್ತಿರ ಕೊಯ್ಲು ಮುಗಿದು ಒಣಗಿದ್ದ ಗದ್ದೆಯೊಂದರಲ್ಲಿ ಮಾವನ ಡ್ರೈವಿಂಗ್ ಅಭ್ಯಾಸ ಶುರುವಾಯಿತು. ಕ್ಲಚ್ ಇಲ್ಲದ್ದರಿಂದ ಎಡಗಾಲಿಗೆ ಪೂರ್ತಿ ರಜೆ! ರಜೆಯ ಮೇಲಿದ್ದ ಕಾಲು ಹಳೆಯ ಸಿಟ್ಟಿಗೆ ಬ್ರೇಕಿನ ಮೇಲೆ ಎರಗಬಾರದಲ್ಲ? ಮಾವ ಅದನ್ನು ಮಡಚಿ ಸೀಟಿನ ಮೇಲಿಟ್ಟುಕೊಂಡ.

ಅತ್ತಿ ಪಕ್ಕದಲ್ಲಿ ಕುಳಿತು ಕೇಳಿದಳು: "ಗಾಡಿ ಹೊಡಿಯಾಕತ್ತೀರೋ, ಭಜನಿಗೆ ಕುಂತೀರೋ?"

ಅರವತ್ತೆರಡನೆಯ ವಯಸ್ಸಿನಲ್ಲಿ ಲೈಸೆನ್ಸ್ ಬಂತು. ಮಾವ ಅದನ್ನು ಅಂಗಡಿಯ ದೇವರ ಫೋಟೋದ ಪಕ್ಕ ತೂಗುಹಾಕಿದ. ಪೊಲೀಸರು ಹಿಡಿದರೆ ಏನು ತೋರಿಸುತ್ತೀ ಎಂದು ಕೇಳಿದೆ. "ಅಂಗಡಿಗೆ ಕರ್ಕೊಂಡು ಬರ್ತೀನಿ, ಚಹಾ ಕುಡದು ನೋಡ್ಕೊಂಡು ಹೋಗ್ಲಿ" ಎಂದ.

ಇನ್ನು ರಸ್ತೆಗಿಳಿದ ಮೇಲಿನ ಕತೆ. ವ್ಯಾನಿಗೆ ಸದ್ದೆಂಬುದೇ ಇಲ್ಲ. ಗಾಳಿ ಬಂದಂತೆ ಬರುತ್ತದೆ. ಕ್ಯಾಬೇಜಿನ ಹಾಗೆ ಹಸಿರಾಗಿ ಹಿಂದೆ ಬಂದು ನಿಂತರೂ ಎಮ್ಮೆಗಳಿಗೆ ಗೊತ್ತಾಗುವುದಿಲ್ಲ. ಎಮ್ಮೆ ಹಾಗಿರಲಿ, ಎಮ್ಮೆ ಕಾಯುವವನಿಗೂ ಗೊತ್ತಾಗುವುದಿಲ್ಲ. ಹಾರ್ನ್ ಒತ್ತು ಎಂದರೆ ಮಾವ ಒಪ್ಪ. ಯಾಕೆ ಹೇಳಿ? ಹಾರ್ನಿಗೂ ಬ್ಯಾಟರಿ ಖರ್ಚಾಗುತ್ತದಂತೆ! ಕೊನೆಗೆ ಪೂಜಾ ಸಾಮಾನಿನ ಅಂಗಡಿಯಿಂದ ಹಿತ್ತಾಳೆಯ ಗಂಟೆಯೊಂದನ್ನು ತಂದು ಬದಿಯ ಕನ್ನಡಿಗೆ ಕಟ್ಟಿದ. ರಸ್ತೆಯ ತಗ್ಗು ದಿನ್ನೆಗೆ ಅದು ತಾನೇ ಟಿಣ್ ಟಿಣ್ ಎನ್ನುತ್ತಿತ್ತು. ಕರೆಂಟಿನ ಖರ್ಚು ಸೊನ್ನೆ.

ಎಮ್ಮೆಗಳೇನೋ ಸರಿದವು. ಆದರೆ ಗೊರೇಬಾಳದ ಓಣಿಓಣಿಯಿಂದ ಮಕ್ಕಳು ಬಟ್ಟಲು ಹಿಡಿದು ಓಡಿಬಂದರು! ಕೆನೆಬಣ್ಣ, ಹಸಿರು ಬಣ್ಣ, ಮೇಲೆ ಗಂಟೆ. ಐಸ್‌ಕ್ರೀಮ್ ಅಲ್ಲದೆ ಇನ್ನೇನು? ಮಾವ ಎಷ್ಟು ಹೇಳಿದರೂ ಅವು ನಂಬಲಿಲ್ಲ. ಬಾಗಿಲು ಸರಿಸಿ ಒಳಗೆ ಹುಡುಕಿ, ಬರೀ ಅತ್ತಿ ಕುಳಿತಿರುವುದನ್ನು ಕಂಡು ನಿರಾಸೆಯಿಂದ ಮರಳಿದವು. ಅವುಗಳ ಮುಖ ನೋಡಲಾಗದೆ ಮಾವ ಮರುದಿನದಿಂದ ಪೆಪ್ಪರ್‌ಮಿಂಟಿನ ಡಬ್ಬಿ ಇಟ್ಟುಕೊಂಡು ಹೊರಡತೊಡಗಿದ.

"ಮಂದಿ ಗಾಡಿಗೆ ಎಣ್ಣಿ ಹಾಕಸ್ತಾರ, ನಾವು ಪೆಪ್ಪರ್‌ಮಿಂಟ್ ಹಾಕಸ್ತೀವಿ" ಎಂದು ಅತ್ತಿ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಮನೆಯಲ್ಲಿ ಮಾವನ ದಿನಚರಿಯೇ ಬದಲಾಯಿತು. ಚಾರ್ಜಿಂಗಿಗೆ ಭೂಮಿಯ ಸಂಪರ್ಕ, ಅಂದರೆ ಅರ್ತಿಂಗ್, ಗಟ್ಟಿಯಿರಬೇಕು ಎಂದು ಅಂಗಳದಲ್ಲಿ ಆಳುದ್ದ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ಹಾಕಿ, ತಾಮ್ರದ ಪಟ್ಟಿ ಇಳಿಬಿಟ್ಟು ಮೇಲೆ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿಸಿದ. ಅದು ಒಣಗಬಾರದಲ್ಲ? ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಮೊದಲ ತಂಬಿಗೆ ನೀರು ಅದಕ್ಕೇ! ಒಮ್ಮೆ ವಳಕಮದಿನ್ನಿಯಿಂದ ಬಂದ ಬೀಗರು ಇದನ್ನು ನೋಡಿ ಚಪ್ಪಲಿ ಬಿಟ್ಟು, ಯಾರದೋ ಸಮಾಧಿ ಎಂದುಕೊಂಡು ಕಟ್ಟೆಗೆ ಕೈಮುಗಿದು, "ಯಾವ ಶರಣರ ಗದ್ದಿಗಿರಿ ಇದು?" ಎಂದು ಕೇಳಿದರು.

ಅತ್ತಿ ಒಳಗಿನಿಂದಲೇ ಹೇಳಿದಳು: "ಇನ್ನಾ ಯಾರದೂ ಅಲ್ಲರಿ. ಇವರು ಹಿಂಗಾ ಕರೆಂಟಿನ ಜೋಡಿ ಆಟ ಆಡಿದ್ರ, ಇವರದಾ ಆಗ್ತೈತಿ!"

ಮನೆ ಬಿಟ್ಟು ಹೊರಗೆ ಹೋದರೆ ಚಾರ್ಜ್ ಎಲ್ಲಿ ಮಾಡುವುದು? ಇದೇ ದೊಡ್ಡ ಪ್ರಶ್ನೆ. ನಮ್ಮ ಕಡೆ ಪೆಟ್ರೋಲ್ ಬಂಕು ಹೆಜ್ಜೆಗೊಂದು ಸಿಗುತ್ತದೆ, ಚಾರ್ಜಿಂಗ್ ಕಂಬ ಎಲ್ಲಿದೆ? ಮಾವ ಎದೆಗುಂದಲಿಲ್ಲ. "ಪ್ರತಿ ಮನ್ಯಾಗೂ ಒಂದು ಬಂಕ್ ಐತಿ, ಅವರಿಗಾ ಗೊತ್ತಿಲ್ಲ!" ಎಂದು ಒಂದು ನೋಟ್‌ಬುಕ್ ಮಾಡಿದ. ಅದನ್ನು ನಾನು ಕದ್ದು ಓದಿದ್ದೇನೆ. ಗೊರೇಬಾಳದ ಗೆಳೆಯನ ಮನೆಯ ಮುಂದೆ 'ವೋಲ್ಟೇಜ್ ಚಲೋ, ಚಹಾ ಸುಮಾರು' ಎಂದು ಬರೆದಿದ್ದ. ವಳಕಮದಿನ್ನಿಯ ಬೀಗರ ಮುಂದೆ 'ವೋಲ್ಟೇಜ್ ಸುಮಾರು, ಹೋಳಿಗೆ ಚಲೋ'. ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಲ್ಲಿ ಮಾವನ ಹಳೆಯ ಗಿರಾಕಿಯೊಬ್ಬ, ಭತ್ತ ಬೆಳೆಯುವ ಬಂಗಾಳಿ ರೈತ, ಇದ್ದಾನೆ. ಆತನ ಮುಂದೆ ಮಾತ್ರ 'ಎರಡೂ ಫಸ್ಟ್ ಕ್ಲಾಸ್. ರಸಗುಲ್ಲಾ ಕೊಡ್ತಾರೆ. ಬ್ಯಾಟರಿ ಖಾಲಿ ಇಲ್ಲದಿದ್ದರೂ ಹೋಗಬಹುದು' ಎಂದಿತ್ತು. ಆ ರೈತನಿಗಂತೂ ಮಾವ ಬಂದರೆ ಹಬ್ಬ. "ದಾದಾ, ನಿಮ್ಮ ಗಾಡಿ ಊಟ ಮಾಡ್ಲಿ, ನೀವೂ ಊಟ ಮಾಡ್ರಿ" ಎಂದು ಪಂಪ್‌ಸೆಟ್ಟಿನ ಕೋಣೆಯ ಬಾಗಿಲು ತೆರೆದು ನಿಲ್ಲುತ್ತಾನಂತೆ.

ಮಾವನ ಜೊತೆ ಪ್ರಯಾಣ ಮಾಡುವುದೂ ಸುಲಭವಲ್ಲ. ಬೇಸಿಗೆಯಲ್ಲಿ ಎಸಿ ಹಾಕು ಎಂದರೆ, "ಎಸಿ ಹಾಕಿದ್ರ ಹತ್ತು ಕಿಲೋಮೀಟರ್ ಹೋತು. ನಿನಗ ತಂಪು ಬೇಕೋ, ಊರು ಮುಟ್ಟೋದು ಬೇಕೋ?" ಎನ್ನುತ್ತಾನೆ. ಗಂಟೆಗೆ ನಲವತ್ತರ ಮೇಲೆ ಓಡಿಸುವುದಿಲ್ಲ. ಭತ್ತದ ಚೀಲ ಹೇರಿಕೊಂಡ ಟ್ರ್ಯಾಕ್ಟರುಗಳು ನಮ್ಮನ್ನು ದಾಟಿ ಹೋಗುವಾಗ ಚಾಲಕರು ಕನಿಕರದಿಂದ ತಿರುಗಿ ನೋಡುತ್ತಾರೆ. ಇದರ ಜೊತೆಗೆ ಮಾವನ ಕಾಮೆಂಟರಿ: "ತೊಂಬತ್ತೊಂದು... ತೊಂಬತ್ತು ಆತು... ಟೀಚರ್ರಾ, ಮೊಬೈಲ್ ಚಾರ್ಜಿಗೆ ಹಚ್ಚೀದೇನು? ತೆಗಿ, ತೆಗಿ!... ಎಂಬತ್ತೊಂಬತ್ತು..." ಕ್ರಿಕೆಟ್ ಪಂದ್ಯದಲ್ಲಿ ಸ್ಕೋರು ಏರುತ್ತದೆ, ಇಲ್ಲಿ ಇಳಿಯುತ್ತದೆ, ಅಷ್ಟೇ ವ್ಯತ್ಯಾಸ!

ಆದರೆ ಒಂದು ಮಾತು ನಿಜ. ಈ ವ್ಯಾನು ಬಂದ ಮೇಲೆ ನಮ್ಮವ್ವ ಖುಷಿಯಾದಷ್ಟು ಇನ್ಯಾರೂ ಆಗಲಿಲ್ಲ. ನಮ್ಮವ್ವ ಮಾವನ ಅಕ್ಕ. ಮಸ್ಕಿಯಲ್ಲಿ ನನ್ನ ಜೊತೆಗೇ ಇದ್ದಾಳೆ. ಮೊದಲು ಮಾವ ನಮ್ಮ ಮನೆಗೆ ಬರುತ್ತಿದ್ದದ್ದು ಎರಡು ಬಸ್ಸುಗಳ ನಡುವೆ. ಅರ್ಧ ಚಹಾ ಕುಡಿಯುವುದರೊಳಗೆ "ಬಸ್ ಬಂತು" ಎಂದು ಎದ್ದು ಓಡುತ್ತಿದ್ದ. ಈಗ ಓಡುವುದೆಲ್ಲಿಗೆ? ಅಡುಗೆಮನೆಯ ಕಿಟಕಿಯಿಂದ ಕಪ್ಪು ವೈರು ಹೊರಗಿಳಿದಿದೆ, ವ್ಯಾನು ಅದನ್ನು ಕಚ್ಚಿಕೊಂಡು ಮಲಗಿದೆ, ತುಂಬಲು ನಾಲ್ಕು ತಾಸು ಬೇಕು! ನಾಲ್ಕು ತಾಸು ಮನುಷ್ಯ ಏನು ಮಾಡಬೇಕು? ಮಾತಾಡಬೇಕು. ಮಾವ ಚಿಕ್ಕಂದಿನಲ್ಲಿ ಕಾಲುವೆಗೆ ಬಿದ್ದದ್ದು, ಅವ್ವ ಸೆರಗು ಹಿಡಿದು ಎಳೆದದ್ದು, ಸೆರಗು ಹರಿದದ್ದಕ್ಕೆ ಅವ್ವನಿಗೇ ಏಟು ಬಿದ್ದದ್ದು, ಎಲ್ಲವೂ ಹೊರಬರುತ್ತಿದ್ದವು. ಚಾರ್ಜಿಂಗ್ ನಡೆದಿರುವಾಗ ಮಿಕ್ಸಿ ಹಾಕುವಂತಿಲ್ಲ ಎಂದು ಅವ್ವ ಕಲ್ಲಿನಲ್ಲಿ ಚಟ್ನಿ ಅರೆಯುತ್ತಿದ್ದಳು, ಅದೂ ನಗುತ್ತ!

"ಎಣ್ಣಿ ಗಾಡಿ ಇದ್ದಿದ್ರ ನಮ್ಮ ತಮ್ಮ ನನ್ನ ಮಾರಿ ನೋಡ್ತಿದ್ದನೇನು?" ಎನ್ನುತ್ತಿದ್ದಳು.

ಅವ್ವ, ಮಾವ ಅಷ್ಟೇ ಅಲ್ಲ, ಅವರಿಗೊಬ್ಬ ತಂಗಿಯೂ ಇದ್ದಾಳೆ. ನನ್ನ ಚಿಕ್ಕವ್ವ. ಆಕೆ ಲಿಂಗಸುಗೂರಿನಲ್ಲಿ. ಮಾವ ಆಕೆಯೊಡನೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ ಮಸ್ಕಿ. ತಮ್ಮನಿಗೂ ತಂಗಿಗೂ ನಡುವೆ ನಮ್ಮವ್ವ. ಇಬ್ಬರ ಫೋನೂ ಆಕೆಗೇ. "ಅಣ್ಣನ ಬಿಪಿ ಹೆಂಗೈತಂತ?" ಎಂದು ಅಲ್ಲಿಂದ ಪ್ರಶ್ನೆ. "ಅಕಿ ಮಗನ ರಿಸಲ್ಟ್ ಏನಾತಂತ?" ಎಂದು ಇಲ್ಲಿಂದ ಪ್ರಶ್ನೆ. ಆದರೆ ನೇರವಾಗಿ ಒಂದು ಮಾತಿಲ್ಲ. ಮಾವನ ನೋಟ್‌ಬುಕ್ಕಿನಲ್ಲಿ ಅಷ್ಟು ಊರುಗಳ ಪ್ಲಗ್ ಪಾಯಿಂಟುಗಳಿದ್ದರೂ ಲಿಂಗಸುಗೂರಿನದು ಒಂದೂ ಇರಲಿಲ್ಲ.

ಅಂಥ ಮಾವ ಒಂದು ಭಾನುವಾರ ಮುಂಜಾನೆ ಅತ್ತಿಯೊಡನೆ ಮಸ್ಕಿಗೆ ಬಂದು, ವೈರು ತೆಗೆಯದೆ, ಬಾಗಿಲಲ್ಲೇ ನಿಂತು ಹೇಳಿದ:

"ಲಿಂಗಸುಗೂರು ರಸ್ತೆದಾಗ ಒಂದು ಧಾಬಾದ ಹಿಂದ ದೊಡ್ಡ ಚಾರ್ಜರ್ ಹಾಕ್ಯಾರಂತ. ಅರ್ಧ ತಾಸಿನ್ಯಾಗ ಫುಲ್ ಅಂತ! ನೋಡಿ ಬರೂಣು, ನಡೀರಿ."

ನಾಲ್ವರೂ ಹೊರಟೆವು. ಮಾವನ ಉತ್ಸಾಹ ಏನು ಕೇಳುತ್ತೀರಿ! ನಲವತ್ತರ ಗಡಿ ದಾಟಿ ಐವತ್ತರಲ್ಲಿ ಹೊಡೆದ. ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿದ! ಅತ್ತಿ ಬೆರಗಾಗಿ ಅದರ ಚಾಲಕನಿಗೆ ಕೈಬೀಸಿದಳು. ಇನ್ನೂ ವಿಚಿತ್ರವೆಂದರೆ ಅಂದು ಕಾಮೆಂಟರಿಯೇ ಇರಲಿಲ್ಲ. ಬ್ಯಾಟರಿಯ ಲೆಕ್ಕ ತೋರಿಸುವ ಪರದೆಯ ಮೇಲೆ ಮಾವ ತನ್ನ ಟವೆಲ್ ಹೊದಿಸಿದ್ದ. ಯಾಕೆ ಎಂದರೆ, "ಬಿಸಲು ಕಣ್ಣಿಗೆ ಹೊಡಿತೈತಿ" ಎಂದ.

ಧಾಬಾದ ಹಿಂದೆ ಚಾರ್ಜರ್ ನಿಜಕ್ಕೂ ಇತ್ತು. ಬೀರುವಿನಷ್ಟು ಎತ್ತರ, ಮುಂದೆ ಗಾಜಿನ ಪರದೆ. ಅದರ ಮೇಲೆ ಎರಡು ಅಂಗಿ, ಒಂದು ಲುಂಗಿ ಒಣಗುತ್ತಿದ್ದವು. ಮಾವ ಲುಂಗಿ ಸರಿಸಿ ಪರದೆ ಮುಟ್ಟಿದ. ಅದು ಮೊಬೈಲಿನಲ್ಲಿ ಆ್ಯಪ್ ಹಾಕಿಕೋ ಎಂದಿತು. ನಾನು ಹಾಕಿದೆ. ಈಗ ಚಾರ್ಜರ್ ಒಟಿಪಿ ಕೇಳಿತು. ಒಟಿಪಿ ಬರುವಷ್ಟರಲ್ಲಿ ಸಿಗ್ನಲ್ ಹೋಯಿತು! ಸಿಗ್ನಲ್ಲಿಗಾಗಿ ನಾನು ರಸ್ತೆಯವರೆಗೆ ಓಡಿ, ನಂಬರನ್ನು ಅಲ್ಲಿಂದಲೇ ಕೂಗಿದೆ. ಮಾವ ಅದನ್ನು ಒತ್ತುವಷ್ಟರಲ್ಲಿ ಚಾರ್ಜರ್ ಒಂದು ನಿಟ್ಟುಸಿರು ಬಿಟ್ಟು ಕಪ್ಪಾಯಿತು.

"ಅದು ಹಂಗಾರೀ," ಎಂದ ಧಾಬಾದ ಮಾಲೀಕ, ಲುಂಗಿಯನ್ನು ಮತ್ತೆ ಅದರ ಮೇಲೆ ಹರವುತ್ತ. "ಬಂದಾಗಿಂದ ಹಿಂಗಾ ನಿಂತೈತಿ. ಆದ್ರ ಬಟ್ಟಿ ಜಲ್ದಿ ಒಣಗ್ತಾವ ನೋಡ್ರಿ!"

ಮಾವ ವ್ಯಾನಿನಲ್ಲಿ ಕುಳಿತು ಟವೆಲ್ಲಿನ ಅಂಚೆತ್ತಿ ಒಳಗೆ ಇಣುಕಿದ. ಟವೆಲ್ ಇಳಿಬಿಟ್ಟ. ಆಮೇಲೆ ರಸ್ತೆ ನೋಡುತ್ತ ಹೇಳಿದ: "ವಾಪಸ್ ಹೋಗಾಕ ಸಾಲಂಗಿಲ್ಲ."

ಅಲ್ಲಿಂದ ಲಿಂಗಸುಗೂರು ಹತ್ತೇ ನಿಮಿಷ. ಅಲ್ಲಿ ಯಾರ ಮನೆಯಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅವರು ಮಾತು ಬಿಟ್ಟದ್ದು ಯಾಕೆಂದು ಈಗ ಹೇಳಬೇಕು. ನಮ್ಮಜ್ಜಿ ಕೊನೆಗಾಲದಲ್ಲಿ ಚಿಕ್ಕವ್ವನ ಮನೆಯಲ್ಲಿದ್ದಳು. ಹಾಸಿಗೆ ಹಿಡಿದ ಮೇಲೆ, ಮಗನ ಮನೆಗೆ ಹೋಗಬೇಕು ಎಂದು ಹಟ ಹಿಡಿದಳು. ಮಾವ ಕರೆದೊಯ್ಯಲು ಬಂದ ದಿನ ಬಾಡಿಗೆ ಗಾಡಿಗಳೆಲ್ಲ ಚುನಾವಣೆಯ ಕೆಲಸಕ್ಕೆ ಹೋಗಿದ್ದವು. ಎರಡು ದಿನ ತಡೆ ಎಂದು ಚಿಕ್ಕವ್ವ ಬೇಡಿಕೊಂಡಳು. ಅಜ್ಜಿ ಕೇಳಲಿಲ್ಲ, ಮಾವನೂ ಕೇಳಲಿಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಿಂಧನೂರಿಗೆ ಒಯ್ದ. ಎಂಟನೆಯ ದಿನ ಅಜ್ಜಿ ತೀರಿಕೊಂಡಳು. ಬಂದವರೆಲ್ಲರ ಮುಂದೆ ಚಿಕ್ಕವ್ವ ಅಳುತ್ತ ಅಂದಳು: "ಅವ್ವನ್ನ ಚೀಲ ಹಾಕಿದಂಗ ಬಸ್ಸಿನ್ಯಾಗ ಹಾಕ್ಕೊಂಡು ಬಂದಿ. ಆ ಕುಲುಕಾಟಕ್ಕಾ ಅಕಿ ಹೋದ್ಲು." ಮಾವ ಒಂದು ಮಾತೂ ಆಡಲಿಲ್ಲ. ಅಂದು ಮುಚ್ಚಿದ ಬಾಯಿ ಇಬ್ಬರದೂ ತೆರೆದಿರಲಿಲ್ಲ.

"ಹಂಗಾದ್ರ..." ಎಂದು ಅವ್ವ ಶುರು ಮಾಡಿದಳು.

"ನಿಮ್ಮಿಷ್ಟ," ಎಂದವನೇ ಮಾವ ವ್ಯಾನು ತಿರುಗಿಸಿದ.

ಚಿಕ್ಕವ್ವನ ಮನೆ ಹೊಸ ಬಡಾವಣೆಯಲ್ಲಿದೆ. ಮಾವ ಅದರ ಗೃಹಪ್ರವೇಶಕ್ಕೂ ಹೋಗಿದ್ದವನಲ್ಲ. ಆದರೂ ಯಾರನ್ನೂ ದಾರಿ ಕೇಳಲಿಲ್ಲ! ನೀರಿನ ಟ್ಯಾಂಕಿನ ಹತ್ತಿರ ಎಡಕ್ಕೆ, ಹಿಟ್ಟಿನ ಗಿರಣಿ ದಾಟಿ ಬಲಕ್ಕೆ. ನೀಲಿ ಗೇಟಿನ ಮುಂದೆ ಸರಿಯಾಗಿ ನಿಲ್ಲಿಸಿದ. ಅವ್ವ ನನ್ನ ಮುಖ ನೋಡಿದಳು, ನಾನು ಅತ್ತಿಯ ಮುಖ ನೋಡಿದೆ. ಅತ್ತಿ ಕಿಟಕಿಯಾಚೆ ನೋಡುತ್ತಿದ್ದಳು.

ಗಂಟೆಯ ಸದ್ದಿಗೆ ಚಿಕ್ಕವ್ವ ಹೊರಗೆ ಬಂದಳು. ಕೈ ಹಿಟ್ಟಾಗಿತ್ತು. ಮಾವನನ್ನು ನೋಡಿ ಅಲ್ಲೇ ನಿಂತಳು. ಮಾವ ಇಳಿದು ಗೇಟು ಹಿಡಿದು ನಿಂತ. ಆರು ವರ್ಷದ ಮೇಲೆ ಅಣ್ಣ ತಂಗಿಗೆ ಏನು ಹೇಳಬಹುದು? ಕ್ಷಮಿಸು ಎನ್ನುತ್ತಾನೆಯೇ? ಅಳುತ್ತಾನೆಯೇ?

ಮಾವ ಗಂಟಲು ಸರಿಮಾಡಿಕೊಂಡ.

"ಹದಿನಾರು ಆಂಪಿನ ಪಾಯಿಂಟ್ ಐತೇನು?"

ಚಿಕ್ಕವ್ವ ಆತನನ್ನು ನೋಡಿದಳು, ವ್ಯಾನನ್ನು ನೋಡಿದಳು, ವ್ಯಾನಿನ ಹಣೆಯ ವಿಭೂತಿ ನೋಡಿದಳು. ಆಮೇಲೆ ಹೇಳಿದಳು:

"ವಾಷಿಂಗ್ ಮಷೀನಿನ ಹಂತ್ಯಾಕ ಐತಿ."

"ಅರ್ತಿಂಗ್?"

"ನನಗೇನು ಗೊತ್ತು ಅರ್ತಿಂಗು? ಬಂದು ನೋಡಬೇಕು, ನೋಡೋರು!"

ಮಾವ ಒಳಗೆ ಹೋದ. ಅಷ್ಟೇ! ಆರು ವರ್ಷದ ಹಟ ವಾಷಿಂಗ್ ಮಷೀನಿನ ಹಿಂದೆ ಹೋಗಿ ಕುಕ್ಕುರುಗಾಲಲ್ಲಿ ಕುಳಿತಿತು.

ವೈರು ಹೊರಗೆಳೆದು ಸಿಕ್ಕಿಸುವ ಕೆಲಸ ನನ್ನ ಪಾಲಿಗೆ ಬಂತು. ಚಾರ್ಜ್ ಏರುತ್ತಿದೆಯೋ ಇಲ್ಲವೋ ನೋಡಲು ಟವೆಲ್ ಎತ್ತಿದೆ. ಎಪ್ಪತ್ತು! ನಾನು ಗಣಿತದ ಟೀಚರು. ಸಿಂಧನೂರಿನಿಂದ ಇಲ್ಲಿಯವರೆಗೆ ಖರ್ಚಾದದ್ದು ಮೂವತ್ತು. ಉಳಿದದ್ದು ಎಪ್ಪತ್ತು. ಮನೆ ಮುಟ್ಟಿ, ಮತ್ತೆ ಇಲ್ಲಿಗೆ ಬಂದರೂ ಮಿಗುತ್ತಿತ್ತು. ತಿರುಗಿ ನೋಡಿದರೆ ಮಾವ ಹಿಂದೆಯೇ ನಿಂತಿದ್ದಾನೆ. ನನ್ನ ಕೈಯಿಂದ ಟವೆಲ್ ತೆಗೆದುಕೊಂಡು ಪರದೆಗೆ ಮತ್ತೆ ಹೊದಿಸಿದ.

"ಟೀಚರ್ರಾ," ಎಂದ ಮೆಲ್ಲಗೆ, "ಓದಾಕ ಬರ್ತೈತಂತ ಎಲ್ಲಾ ಓದಬಾರದು."

ಮುಂದಿನ ಎರಡು ತಾಸು ಒಳಗೆ ಊಟ, ಚಹಾ ಎಲ್ಲ ಆಯಿತು. ಚಿಕ್ಕಪ್ಪ ಹೊಲಕ್ಕೆ ಹೋಗಿದ್ದರು. ಚಿಕ್ಕವ್ವ ಅತ್ತಿಯೊಡನೆ ಮಾತಾಡಿದಳು, ಅವ್ವನೊಡನೆ ಮಾತಾಡಿದಳು. ಮಾವನ ತಟ್ಟೆಗೆ ಕೇಳದೆಯೇ ಎರಡನೆಯ ರೊಟ್ಟಿ ಹಾಕಿದಳು, ಮಾತು ಮಾತ್ರ ಹಾಕಲಿಲ್ಲ. ಮಾವನೂ ವಾಷಿಂಗ್ ಮಷೀನಿನ ಸ್ವಿಚ್ಚು ಸಡಿಲಾಗಿದೆ ಎಂದು ಗೋಡೆಗೆ ಹೇಳಿ, ಸ್ಕ್ರೂ ಡ್ರೈವರ್ ತಂದು ಬಿಗಿ ಮಾಡಿ ಬಂದ.

ಹೊರಡುವ ಹೊತ್ತಿಗೆ ಚಿಕ್ಕವ್ವ ಗೇಟಿನವರೆಗೆ ಬಂದಳು. "ಗಾಡಿ ಒಳಗ ಹೆಂಗೈತಿ?" ಎಂದು ಅವ್ವನನ್ನು ಕೇಳಿದಳು. ನಡುವೆ ನಿಂತು ನಿಂತು ಅವ್ವನಿಗೂ ಸಾಕಾಗಿತ್ತು. ಬೇಕೆಂದೇ ಪಕ್ಕಕ್ಕೆ ಸರಿದಳು.

ಮಾವನೇ ಬಾಗಿಲು ಸರಿಸಿದ. ನಡುವಿನ ಸಾಲಿನ ಸೀಟನ್ನು ಮಡಚಿ ಕೆಳಗಿಳಿಸಿದ. ಹಿಂದಿನ ಸಾಲನ್ನೂ ಮಡಚಿದ. ಇಷ್ಟು ದಿನ ಆ ವ್ಯಾನಿನಲ್ಲಿ ತಿರುಗಿದ್ದ ನಮಗೆ ಅದು ಹೀಗೂ ಆಗುತ್ತದೆ ಎಂದು ಗೊತ್ತೇ ಇರಲಿಲ್ಲ. ಒಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದದ ಹಾಸಿಗೆಯಾಯಿತು. ಮಾವ ಅದರ ಮೇಲೆ ಜಮಖಾನ ಹಾಸಿ, ಅಂಗೈಯಿಂದ ಸುಕ್ಕು ತೆಗೆದ.

"ಹಿಂಗ ಮಲಗಬಹುದು," ಎಂದ. ಯಾರ ಮುಖವನ್ನೂ ನೋಡಲಿಲ್ಲ. "ಹತ್ತಾಕ ಎತ್ತರ ಇಲ್ಲ. ಸಪ್ಪಳ ಇಲ್ಲ. ಕುಲುಕಾಟ ಇಲ್ಲ."

ಚಿಕ್ಕವ್ವ ಜಮಖಾನವನ್ನೇ ನೋಡುತ್ತ ನಿಂತಳು. ಆಮೇಲೆ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು ಒಳಗೆ ಹತ್ತಿದಳು. ಮಲಗಿಕೊಂಡು ಕಣ್ಣು ಮುಚ್ಚಿದಳು.

ಮಾವ ಮುಂದೆ ಹೋಗಿ ಕುಳಿತ. ಅಂದು ಎರಡೂ ಕಾಲು ಕೆಳಗಿದ್ದವು. ನಾವು ಮೂವರೂ ಗೇಟಿನಲ್ಲಿ ನಿಂತೆವು. ಬಾಗಿಲು ತೆರೆದೇ ಇತ್ತು. ಎಷ್ಟು ನಿಧಾನವಾಗಿ ಹೊರಟನೆಂದರೆ ಪಕ್ಕದ ಮನೆಯ ಮುಂದೆ ಕಾಳು ಆಯುತ್ತಿದ್ದ ಕೋಳಿಗಳೂ ತಲೆಯೆತ್ತಲಿಲ್ಲ. ರಸ್ತೆಯ ಪ್ರತಿ ತಗ್ಗನ್ನೂ ಬಳಸಿಕೊಂಡು, ಬಡಾವಣೆಯನ್ನು ಒಂದು ಸುತ್ತು ಹಾಕಿ, ಮತ್ತೆ ನೀಲಿ ಗೇಟಿನ ಮುಂದೆ ತಂದು ನಿಲ್ಲಿಸಿದ.

ಚಿಕ್ಕವ್ವ ಏಳಲಿಲ್ಲ. ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆ ಹರಿಯುತ್ತಿತ್ತು.

"ಅವ್ವಗ ಆರಾಮ ಆಗ್ತಿತ್ತಲ್ಲೋ, ಅಣ್ಣಾ," ಎಂದಳು.

ಮಾವ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದ.

"ಆವತ್ತು ಇದು ಇರಲಿಲ್ಲವ್ವ," ಎಂದ.

"ಗೊತ್ತೈತಿ."

ನಮ್ಮವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ಅತ್ತಿ ಅಂದು ಬಗ್ಗಿ ಚಿಕ್ಕವ್ವನ ಚಪ್ಪಲಿ ಜೋಡಿಸಿಟ್ಟಳು.

"ಅಣ್ಣಾ," ಎಂದಳು ಚಿಕ್ಕವ್ವ, ಕಣ್ಣು ತೆರೆಯದೆಯೇ. "ಇನ್ನೊಂದು ಸುತ್ತು ಹೊಡಿ."